ನಾದಿನಿಯ ವಿಮಾನವನ್ನು ನಾನು ಇಳಿಸಿದ್ದು

ಭೂಗೋಳ ಕಲಿಸುವ ಮಾಸ್ತರನಿಗೆ ಬಳ್ಳಾರಿಯಲ್ಲಿ ಹೇಳಿಕೊಳ್ಳುವಂಥ ಮರ್ಯಾದೆ ಇರಲಿಲ್ಲ. ಗಣಿತದ ಮಾಸ್ತರರ ಮನೆ ಮುಂದೆ ಟ್ಯೂಷನ್ನಿಗೆ ಬಂದವರ ಚಪ್ಪಲಿ ಸಾಲಾಗಿ ಬಿದ್ದಿರುತ್ತಿದ್ದವು. ಇಂಗ್ಲಿಷ್ ಮಾಸ್ತರರ ಮನೆಗೆ ಅರ್ಜಿ ಬರೆಸಲು ಓಣಿಗೆ ಓಣಿಯೇ ಬರುತ್ತಿತ್ತು. ನನ್ನ ಮನೆ ಬಾಗಿಲು ಬಡಿದು "ಮಾಸ್ತರ, ಬ್ರೆಜಿಲ್‌ನಾಗ ಏನು ಬೆಳೀತಾರ್ರಿ?" ಎಂದು ಯಾರೂ ಕೇಳಿದ್ದಿಲ್ಲ. ಹದಿನಾಲ್ಕು ವರ್ಷ ಅಕ್ಷಾಂಶ, ರೇಖಾಂಶ ಎಂದು ಕೂಗಿ ಗಂಟಲು ಹರಿದುಕೊಂಡಿದ್ದೆ. ನನ್ನ ವಿದ್ಯೆಗೂ ಒಂದು ದಿನ ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಬಂತು! ಎಪ್ಪತ್ತರ ದಶಕದ ನಡುವೆ, ಜನವರಿಯ ಒಂದು ಭಾನುವಾರ ಬಂತು. ಬಾರದೆ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ನನ್ನ ಹೆಂಡತಿ ಗಿರಿಜಾ ಸಿರುಗುಪ್ಪದವಳು. ಅವಳ ತಂಗಿ ಶಾಂತಾಳನ್ನು ಲಂಡನ್ನಿನಲ್ಲಿ ಡಾಕ್ಟರಾಗಿದ್ದ ಹುಡುಗನಿಗೆ ಕೊಟ್ಟಿದ್ದರು. ಮದುವೆಯಾದ ವರ್ಷದ ಮೇಲೆ ವೀಸಾ ಸಿಕ್ಕಿ, ಅವಳು ಗಂಡನ ಮನೆಗೆ ಹೊರಟಿದ್ದಳು, ವಿಮಾನದಲ್ಲಿ! ನಮ್ಮ ಬಳಗದಲ್ಲಿ ಅಷ್ಟು ಎತ್ತರಕ್ಕೆ ಹೋದವರಲ್ಲಿ ಅವಳೇ ಮೊದಲಿಗಳು. ಅದುವರೆಗಿನ ದಾಖಲೆ ಸಂಗನಕಲ್ಲಿನ ಗುಡ್ಡ ಹತ್ತಿ ಇಳಿಯಲಾರದೆ ಕೂತಿದ್ದ ನನ್ನ ಚಿಕ್ಕಪ್ಪನದು. ಶಾಂತಾಳನ್ನು ಅವಳ ಅಣ್ಣ ರೈಲಿನಲ್ಲಿ ಮುಂಬಯಿಗೆ ಕರೆದುಕೊಂಡು ಹೋಗಿದ್ದ. ಭಾನುವಾರ ಬೆಳಿಗ್ಗೆ ಆರಕ್ಕೆ ವಿಮಾನ. ಸಿರುಗುಪ್ಪದ ಮನೆಗೆ ಬೀಗ ಹಾಕಿ, ನನ್ನ ಅತ್ತೆ ಬಸಮ್ಮನವರು ಶನಿವಾರವೇ ನಮ್ಮಲ್ಲಿಗೆ ಬಂದಿದ್ದರು.

ಭಾನುವಾರ ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಎದ್ದರು. ಗಿರಿಜಾ ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು ತಂದಿಟ್ಟಳು. ಅತ್ತೆ ತಟ್ಟೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದರು.

"ನನ್ನ ಕೂಸಿನ ಕಾಲು ನೆಲಕ್ಕ ತಾಗೋ ತನಕ ನನಗ ಒಂದು ಹನಿ ನೀರೂ ಬ್ಯಾಡ. ಆಕಿ ಕಾಲ ಕೆಳಗ ನೆಲಾನ ಇಲ್ಲ, ನನ್ನ ಗಂಟಲದಾಗ ತುತ್ತು ಹೆಂಗ ಇಳೀತೈತಿ?"

"ಅವ್ವ, ನಿನಗ ಅರವತ್ತು ದಾಟೈತಿ. ತಲಿ ತಿರುಗಿ ಬಿದ್ದ್ರ?" ಎಂದಳು ಗಿರಿಜಾ.

"ಬಿದ್ದ್ರ ನೆಲದ ಮ್ಯಾಲ ಬೀಳ್ತೀನಿ. ಆಕಿ ಮ್ಯಾಲ ಅದಾಳ."

ಈ ಮಾತಿಗೆ ನನ್ನ ಎದೆ ತುಂಬಿ ಬಂತು. ಎದೆ ತುಂಬಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅತ್ತಿ, ನಾನೂ ಅಷ್ಟ! ಶಾಂತಾ ಇಳಿಯೋ ತನಕ ನಾನೂ ಉಪವಾಸ!" ಎಂದು ಘೋಷಿಸಿ ನನ್ನ ತಟ್ಟೆಯನ್ನೂ ಸರಿಸಿಬಿಟ್ಟೆ. ಉಪ್ಪಿಟ್ಟಿನ ಮೇಲೆ ಗೋಡಂಬಿ ಇತ್ತು. ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಆಗ ನಾನಿನ್ನೂ ಲೆಕ್ಕ ಹಾಕಿರಲಿಲ್ಲ.

ಅತ್ತೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಅಳಿಯಾರ, ನೀವು ಜಗತ್ತೆಲ್ಲ ಓದಿದೋರು. ಆಕಿ ಎಷ್ಟೊತ್ತಿಗೆ ಇಳೀತಾಳ್ರಿ?"

ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ!

ಗಿರಿಜಾ ನಡುವೆ ಬಾಯಿ ಹಾಕಿದಳು. "ಶಾಂತಾನ ಗಂಡ ಸಿರುಗುಪ್ಪಕ್ಕ ಬರದ ಪತ್ರದಾಗ ಐತಲ್ರೀ. ಮಧ್ಯಾಹ್ನ ಹನ್ನೆರಡೂವರಿಗೆ ಕರ್ಕೊಳ್ಳಾಕ ಏರೋಡ್ರೋಮಿಗೆ ಹೋಗ್ತೀನಿ ಅಂತ."

ನಾನು ನಕ್ಕೆ. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. "ಆರಕ್ಕ ಬಿಟ್ಟು ಹನ್ನೆರಡೂವರಿಗೆ ಲಂಡನ್ನು? ಆರೂವರಿ ತಾಸಿನಾಗ? ಇಲ್ಲಿಂದ ಬೆಂಗಳೂರಿಗೆ ಹೋಗಾಕ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅವ್ರು ಎಲುಬಿನ ಡಾಕ್ಟ್ರು, ಭೂಗೋಳದ ಡಾಕ್ಟ್ರಲ್ಲ. ಅವಸರದಾಗ ಏನೋ ಬರದಾರ. ಪತ್ರ ತಪ್ಪು!"

"ಹೌದೇನ್ರಿ?" ಎಂದು ಅತ್ತೆ ಗಾಬರಿಯಾದರು.

"ಗಾಬರಿ ಬ್ಯಾಡ್ರಿ. ನಾನು ಅದೀನಲ್ಲ!" ಎಂದೆ.

ಸೈಕಲ್ ಹತ್ತಿ ಶಾಲೆಯ ಜವಾನನ ಮನೆಗೆ ಹೋದೆ. ಶಾಲೆಯ ಬೀಗ ತೆಗೆಸಿ, ಆರಡಿ ಉದ್ದದ ಪ್ರಪಂಚದ ನಕಾಶೆಯನ್ನು ಸುರುಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಕೌಲ್ ಬಜಾರ್ ಮೂಲಕ ವಾಪಸು ಬಂದೆ. ತಿರುವಿನಲ್ಲಿ ನಾನು ಎಡಕ್ಕೆ ಹೊರಳಿದರೆ ಪ್ರಪಂಚ ಬಲಕ್ಕೆ ಹೊರಳಿತು. ಒಂದು ಸೋಡಾ ಅಂಗಡಿಯ ನಾಲ್ಕು ಬಾಟಲಿ ಉರುಳಿದವು. "ಯಾವ ನಾಟಕದ ಪರದೇರಿ ಮಾಸ್ತರ?" ಎಂದು ಅಂಗಡಿಯವನು ಕೂಗಿದ. ವಿದ್ಯಾವಂತರು ಇಂಥದ್ದಕ್ಕೆಲ್ಲ ಉತ್ತರ ಕೊಡಬಾರದು ಎಂದುಕೊಂಡು ಪೆಡಲು ತುಳಿದೆ.

ಪಡಸಾಲೆಯ ಗೋಡೆಗೆ ನಕಾಶೆ ಏರಿತು. ಅದು ಬಹಳ ದುಡಿದ ನಕಾಶೆ. ಇರಾನಿನ ಹತ್ತಿರ ಹರಿದಿದ್ದಲ್ಲಿಗೆ ಜವಾನ ಖಾಕಿ ಬಟ್ಟೆಯ ಒಂದು ತೇಪೆ ಹಾಕಿದ್ದ. ಗಿರಿಜಾಳ ಹೂ ಕಟ್ಟುವ ದಾರ ತರಿಸಿದೆ. ದಾರದ ಒಂದು ತುದಿಯನ್ನು ಮುಂಬಯಿಯ ಮೇಲೆ ಅತ್ತೆ ಹಿಡಿದರು. ಇನ್ನೊಂದನ್ನು ಲಂಡನ್ನಿನ ಮೇಲೆ ಗಿರಿಜಾ ಹಿಡಿದಳು. ನಾನು ನಡುವೆ ನಿಂತು ದಾರ ಬಿಗಿದೆ.

"ಈ ನೀಲಿ ಬಣ್ಣ ಏನ್ರಿ?" ಎಂದು ಅತ್ತೆ ಕೇಳಿದರು.

"ಸಮುದ್ರರೀ ಅತ್ತಿ."

"ಅಯ್ಯೋ ಶಿವನ! ಸಮುದ್ರದ ಮ್ಯಾಲ ಬ್ಯಾಡ್ರಿ! ಶಾಂತಾಗ ಬಾವಿ ನೋಡಿದ್ರ ಅಂಜಿಕಿ. ಸ್ವಲ್ಪ ನೆಲದ ಮ್ಯಾಗಿಂದ ಹಾಯಿಸಿರಿ, ನಿಮಗ ಕೈ ಮುಗೀತೀನಿ."

ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಪೈಲಟ್ಟನೂ ಮನುಷ್ಯನೇ, ಅವನಿಗೂ ನೆಲದ ಮೇಲೆ ಹೋಗುವುದೇ ಧೈರ್ಯವಿರಬಹುದು ಎಂದುಕೊಂಡೆ. ದಾರವನ್ನು ಗುಜರಾತಿನಿಂದ ಮೇಲಕ್ಕೆ ಹತ್ತಿಸಿ, ತೇಪೆಯ ಮೇಲೆ ಸಾಗಿಸಿ, ಎಲ್ಲೆಲ್ಲಿ ನೀಲಿ ಬಂತೋ ಅಲ್ಲೆಲ್ಲ ಸುತ್ತು ಹಾಕಿಸಿ ಲಂಡನ್ನಿಗೆ ಮುಟ್ಟಿಸಿದೆ. ಕಡೆಯಲ್ಲಿ ಇಂಗ್ಲೆಂಡಿನ ಸುತ್ತ ನೀಲಿ ಇದ್ದೇ ಇತ್ತು. "ಅಷ್ಟು ಹಳ್ಳ ದಾಟಲೇಬೇಕ್ರಿ" ಎಂದು ಅತ್ತೆಯನ್ನು ಒಪ್ಪಿಸಿದೆ. ದಾರ ಅಳೆದರೆ ಹತ್ತು ಸಾವಿರದ ಎಂಟು ನೂರು ಕಿಲೋಮೀಟರ್!

ವಿಮಾನದ ವೇಗ ಗಂಟೆಗೆ ಆರುನೂರು ಎಂದು ಎಲ್ಲೋ ಓದಿದ್ದೆ. ಮೈಲೋ ಕಿಲೋಮೀಟರೋ ಮರೆತಿತ್ತು. ಸರ್ಕಾರ ಎಲ್ಲವನ್ನೂ ಕಿಲೋಮೀಟರಿಗೆ ಬದಲಾಯಿಸಿದೆ, ವಿಮಾನವನ್ನೂ ಬದಲಾಯಿಸಿರುತ್ತದೆ ಎಂದು ತೀರ್ಮಾನಿಸಿದೆ. ಹದಿನೆಂಟು ತಾಸು. ಇನ್ನು ನಡುವೆ ನಿಲ್ಲಿಸುವುದು. ನಮ್ಮ ಸಿರುಗುಪ್ಪದ ಬಸ್ಸು ಒಂದೂವರೆ ತಾಸಿನ ದಾರಿಯಲ್ಲಿ ಆರು ಕಡೆ ನಿಲ್ಲುತ್ತದೆ. ಲಂಡನ್ನಿಗೆ ಹೋಗುವ ವಿಮಾನ ಕಡಿಮೆಯೆಂದರೂ ಐದು ಕಡೆ ನಿಲ್ಲದಿದ್ದರೆ ಅದರ ಮರ್ಯಾದೆಗೇ ಕಡಿಮೆ. ಚಹಾ, ಬೀಡಿ, ಟಾಯರಿನ ಗಾಳಿ ಎಂದು ಒಂದೊಂದು ಕಡೆ ಅರ್ಧ ತಾಸು. ಅಲ್ಲಿಗೆ ಎರಡೂವರೆ ತಾಸು.

ಇಷ್ಟನ್ನು ಯಾರಾದರೂ ಮಾಡಿಯಾರು. ನಾನು ಭೂಗೋಳದ ಮಾಸ್ತರ! "ಲಂಡನ್ನಿಗೂ ನಮಗೂ ಐದೂವರಿ ತಾಸಿನ ಅಂತರ ಐತಿ. ಅದನ್ನ ಕೂಡಿಸದಿದ್ರ ಲೆಕ್ಕ ಅಡ್ಡಾದಿಡ್ಡಿ ಆಗ್ತೈತಿ" ಎಂದು ಆ ಐದೂವರೆಯನ್ನೂ ಮೇಲೆ ಕೂಡಿಸಿದೆ. ಒಟ್ಟು ಇಪ್ಪತ್ತಾರು ತಾಸು. ಎದ್ದು ನಿಂತು, ಲುಂಗಿ ಬನಿಯನ್ನಿನಲ್ಲಿದ್ದರೂ ಕೋಟು ತೊಟ್ಟವನ ಗತ್ತಿನಲ್ಲಿ, ಸಮಸ್ತರಿಗೂ ಈ ಮೂಲಕ ತಿಳಿಯಪಡಿಸಿದೆ: ಶ್ರೀಮತಿ ಶಾಂತಾ ಅವರ ವಿಮಾನವು ನಾಳೆ ಸೋಮವಾರ ಬೆಳಿಗ್ಗೆ ಸರಿಯಾಗಿ ಎಂಟು ಗಂಟೆಗೆ ನೆಲ ಮುಟ್ಟತಕ್ಕದ್ದು!

ಹೇಳಿ ಮುಗಿಸಿದ ಮೇಲೆ ನನ್ನ ಹೊಟ್ಟೆಗೆ ಅರ್ಥವಾಯಿತು. ನಾಳೆ ಬೆಳಿಗ್ಗೆ! ನಾನೂ ಉಪವಾಸ!

ಗಿರಿಜಾ ನನ್ನನ್ನು ಅಡುಗೆಮನೆಗೆ ಕರೆದಳು. "ರೀ, ಇನ್ನೊಂದು ಸಲ ಲೆಕ್ಕ ನೋಡ್ರಿ. ಅವ್ವಗ ನಾಳಿ ತನಕ ಆಗಂಗಿಲ್ಲ."

ನೋಡಬೇಕೆಂದು ನನಗೂ ಬಹಳ ಆಸೆ. ಆದರೆ ಈಗ ತಿದ್ದಿದರೆ "ಹಸಿವು ತಡಕೊಳ್ಳಲಾರದ ಲೆಕ್ಕ ತಿದ್ದಿದ" ಎನ್ನುತ್ತಾರೆ. "ರೇಖಾಂಶ ಯಾರ ಹೊಟ್ಟಿಗೂ ಅಂಜಾಂಗಿಲ್ಲ" ಎಂದು ಹೇಳಿ ಹೊರಗೆ ಬಂದೆ. ಅವಳು ಮಾಡಿದ ಎಣ್ಣೆಗಾಯಿಯ ವಾಸನೆ ಮಾತ್ರ ನನ್ನ ಹಿಂದೆಯೇ ಬಂತು.

ಮಧ್ಯಾಹ್ನವೆಲ್ಲ ಅತ್ತೆ ನಕಾಶೆಯ ಮುಂದೆ ಗೋಡೆಗೆ ಒರಗಿ ಕೂತಿದ್ದರು. ತಾಸಿಗೊಮ್ಮೆ ಕೇಳುತ್ತಿದ್ದರು. "ಈಗ ಎಲ್ಲಿ ಅದಾಳ್ರಿ?" ನಾನು ದಾರದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. "ಇಲ್ಲಿ ಅದಾಳ್ರಿ." ಮೂರು ಗಂಟೆಗೆ ಅವಳು ತೇಪೆಯ ಹತ್ತಿರ ಇದ್ದಳು. ಅತ್ತೆ ಎದ್ದು ಹೋಗಿ ಆ ತೇಪೆಯನ್ನು ಮೆಲ್ಲಗೆ ಸವರಿ, ಕೈಯನ್ನು ಕಣ್ಣಿಗೊತ್ತಿಕೊಂಡು ಬಂದು ಕೂತರು. ಪಕ್ಕದ ಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಜಗತ್ತಿನಲ್ಲಿ ಕರುಣೆ ಎಂಬುದೇ ಇಲ್ಲ.

ಸಂಜೆ ಆರೂವರೆಗೆ ಖಾಜಾಸಾಬ್ ಬಂದ. ಕೌಲ್ ಬಜಾರಿನಲ್ಲಿ ಅವನದು ವಾಚ್ ರಿಪೇರಿ ಅಂಗಡಿ. ವಿಮಾನ ಇಳಿಯುವ ಹೊತ್ತಿಗೆ ಒಂದು ನಿಮಿಷವೂ ಆಚೀಚೆ ಆಗಬಾರದೆಂದು ನಮ್ಮ ಗೋಡೆ ಗಡಿಯಾರವನ್ನು ಸ್ವಚ್ಛ ಮಾಡಲು ಬೆಳಿಗ್ಗೆಯೇ ಕಳಿಸಿದ್ದೆ. ಗಡಿಯಾರ ಗೋಡೆಗೆ ಹಾಕಿ, ಮುಳ್ಳು ಸರಿಮಾಡಿ, ಅವನು ನಕಾಶೆ ನೋಡಿದ, ಅತ್ತೆಯ ಒಣಗಿದ ತುಟಿ ನೋಡಿದ, ಏನಾಯಿತೆಂದು ಕೇಳಿದ. ನಾನು ಎಲ್ಲವನ್ನೂ ಪಾಠದಂತೆ ವಿವರಿಸಿದೆ. ಅತ್ತೆ ಆಗ ಹಿತ್ತಲಿಗೆ ಹೋಗಿದ್ದರು.

"ಮಾಸ್ತರ, ಪತ್ರದಾಗ ಏನು ಬರದಾರ?" ಎಂದ.

"ಹನ್ನೆರಡೂವರಿ ಅಂತ. ತಪ್ಪು ಬರದಾರ."

"ಅಲ್ಲಿ ಹನ್ನೆರಡೂವರಿ ಆದಾಗ ನಮ್ಮಲ್ಲಿ ಎಷ್ಟು?"

"ನಮ್ಮದು ಐದೂವರಿ ತಾಸು ಮುಂದ. ಅಂದ್ರ ಸಂಜಿ... ಆರು."

"ನಿಮ್ಮ ನಾದಿನಿ ಕೈಯಾಗಿನ ವಾಚ್ ನಾನ ರಿಪೇರಿ ಮಾಡಿ ಕೊಟ್ಟಿದ್ದು. ಅದರಾಗ ನಮ್ಮ ಟೈಮ್ ಐತಿ. ಇಳಿಯೋ ಮುಂದ ಅದರಾಗ ಎಷ್ಟಾಗಿರ್ತೈತಿ?"

"ಆರು."

"ಮುಗೀತಲ್ರೀ! ಆ ವಾಚಿಗೆ ಮತ್ತ ಐದೂವರಿ ತಾಸು ಯಾಕ ಕೂಡಸ್ತೀರಿ? ಹುಡುಗಿ ಇಳಿದು ಅರ್ಧಾ ತಾಸಾತು. ಅಮ್ಮಾಗ ಊಟಕ್ಕ ಹಾಕ್ರಿ."

ನಾನು ನಕಾಶೆ ನೋಡಿದೆ. ಗಡಿಯಾರ ನೋಡಿದೆ. ಪತ್ರ ನೋಡಿದೆ. ಪತ್ರದಲ್ಲಿದ್ದದ್ದು ಲಂಡನ್ನಿನ ಗಡಿಯಾರದ ಹನ್ನೆರಡೂವರೆ. ಕೂಡಿಸಬೇಕಾದಲ್ಲಿ ಐದೂವರೆ ತಾಸನ್ನು ಮರೆತಿದ್ದೆ, ಕೂಡಿಸಬಾರದ ಕಡೆ ಕೂಡಿಸಿದ್ದೆ! ಇಡೀ ಜಿಲ್ಲೆಯ ಏಳನೆಯ ತರಗತಿಯ ಹುಡುಗರಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಖಾಜಾಸಾಬ್ ಬಾಗಿಲ ಬಳಿ ನಿಂತ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಆ ಮುದುಕಿ ಇನ್ನು ಉಣ್ಣಬಹುದು!

ಅತ್ತೆ ಒಳಗೆ ಬಂದ ಕೂಡಲೇ ಕೈ ಜೋಡಿಸಿ ಹೇಳಿದೆ. "ಅತ್ತಿ, ನನ್ನ ಲೆಕ್ಕ ತಪ್ಪಾಗೇತ್ರಿ. ಶಾಂತಾ ಇಳಿದು ಅರ್ಧಾ ತಾಸಾತು. ಏಳ್ರಿ, ಊಟ ಮಾಡ್ರಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿ ಬಂದವು.

"ಬ್ಯಾಡ್ರಿ ಅಳಿಯಾರ. ನನ್ನ ಮ್ಯಾಲಿನ ಕಕ್ಕುಲಾತಿಗೆ ಸುಳ್ಳು ಹೇಳಬ್ಯಾಡ್ರಿ."

"ಸುಳ್ಳಲ್ರೀ ಅತ್ತಿ! ಪತ್ರದಾಗ ಬರದದ್ದ ಖರೆ!"

"ಮುಂಜಾನಿ ನೀವ ಅಂದ್ರಿ, ಪತ್ರ ತಪ್ಪು ಅಂತ."

"ಮುಂಜಾನಿ ನಾನು ತಪ್ಪು ಅಂದಿದ್ದ ತಪ್ಪು!"

"ಮೂರಕ್ಕ ತೇಪಿ ಹತ್ರ ಅದಾಳ ಅಂದ್ರಿ. ದಾರ ಇನ್ನೂ ಅಷ್ಟು ಉದ್ದ ಉಳದೈತಿ. ಇಷ್ಟರಾಗ ಹೆಂಗ ಇಳಿದ್ಲು?"

ಎಂಥ ವಿದ್ಯಾರ್ಥಿನಿ! ನಲವತ್ತು ಹುಡುಗರಿಗೆ ಹೇಳಿದರೆ ಒಬ್ಬನ ತಲೆಗೂ ಹೋಗದ ಪಾಠ, ಶಾಲೆಯ ಮೆಟ್ಟಿಲು ಹತ್ತದ ಅತ್ತೆಯ ತಲೆಗೆ ಅಕ್ಷರ ಬಿಡದೆ ಹೋಗಿತ್ತು. ಅದು ಪೂರ್ತಿ ತಪ್ಪು ಪಾಠ ಎಂಬುದೊಂದೇ ಕೊರತೆ.

ಖಾಜಾಸಾಬ್ ಮುಂದೆ ಬಂದು, "ಅಮ್ಮಾ, ನಾನು ಹೇಳ್ತೀನಿ ಕೇಳ್ರಿ, ಹುಡುಗಿ ಇಳಿದಾಳ" ಎಂದ.

"ಮಾಸ್ತರ ಹೇಳಿಕೊಟ್ಟಂಗ ಹೇಳ್ತೀಯೇನಪ್ಪ? ನೀನೂ ಒಳ್ಳೇವ" ಎಂದು ಅವನಿಗೂ ಕೈ ಮುಗಿದರು.

ಕೊನೆಗೆ ಗಿರಿಜಾ ಸೆರಗು ಸಿಕ್ಕಿಸಿ ಸಾಕ್ಷಿ ಹೇಳಲು ನಿಂತಳು. "ಅವ್ವ, ನಾನು ಹನ್ನೆರಡು ವರ್ಷದಿಂದ ನೋಡೀನಿ. ಇವ್ರಿಗೆ ಏನೂ ತಿಳಿಯಂಗಿಲ್ಲ. ಕಿರಾಣಿ ತರಾಕ ಕಳಿಸಿದ್ರ ಬೆಲ್ಲದ ಬದಲಿಗೆ ಹುಣಸಿಹಣ್ಣು ತರ್ತಾರ. ಹೊಸಪೇಟಿ ಬಸ್ಸು ಅಂತ ಗುಂತಕಲ್ ಬಸ್ಸು ಹತ್ತಿಸಿದಾರ. ಇವ್ರ ಲೆಕ್ಕ ನಂಬ್ತೀಯಾ?"

"ಹೌದ್ರೀ ಅತ್ತಿ, ಆಕಿ ಹೇಳೋದು ಖರೆ! ನಾನು ದಡ್ಡ ಅದೀನಿ!" ಎಂದು ನಾನು ಎದೆ ತಟ್ಟಿಕೊಂಡು ಹೇಳಿದೆ. ತನ್ನ ದಡ್ಡತನವನ್ನು ಅಷ್ಟು ಉತ್ಸಾಹದಿಂದ ಮಂಡಿಸಿದ ಮಾಸ್ತರ ಬಳ್ಳಾರಿಯಲ್ಲಿ ಇನ್ನೊಬ್ಬನಿರಲಾರ.

ಅತ್ತೆ ಮಗಳ ಕಡೆ ತಿರುಗಿ ಗದರಿದರು. "ಕಟ್ಟಿಕೊಂಡ ಗಂಡನಿಗೆ ಹಂಗ ಅಂತಾರೇನ? ಮುಂಜಾನಿಯಿಂದ ನನ್ನ ಜೋಡಿ ಉಪವಾಸ ಕುಂತಾರ. ನನ್ನ ಹೊಟ್ಟಿ ಸಲುವಾಗಿ ತಮ್ಮ ವಿದ್ಯಾನ ತಪ್ಪು ಅಂತ ಅನ್ನಾಕತ್ತಾರ. ಇಂಥ ಅಳಿಯ ಯಾರಿಗೆ ಸಿಗ್ತಾರ?"

ನಾನು ಹೆಚ್ಚು ಹೆಚ್ಚು ಖರೆ ಹೇಳಿದಷ್ಟೂ ಅವರ ಕಣ್ಣಲ್ಲಿ ದೊಡ್ಡವನಾಗುತ್ತಾ ಹೋದೆ. ಅವರು ಮಾತ್ರ ಒಂದು ಗುಟುಕು ನೀರೂ ಮುಟ್ಟಲಿಲ್ಲ. ಅವರು ಮುಟ್ಟದೆ ನಾನು ಹೇಗೆ ಮುಟ್ಟಲಿ? ಗಿರಿಜಾ ಅತ್ತಳು, ಸಿಟ್ಟು ಮಾಡಿದಳು, ಕಡೆಗೆ ಅವಳೂ ಉಣ್ಣದೆ ಮಲಗಿದಳು. ಎಣ್ಣೆಗಾಯಿ ಪಾತ್ರೆಯಲ್ಲೇ ಉಳಿಯಿತು. ಇಳಿದು, ಗಂಡನ ಮನೆ ಸೇರಿ, ಬಿಸಿ ಚಹಾ ಕುಡಿಯುತ್ತಿದ್ದ ಹುಡುಗಿಯನ್ನು ನಾನು ಇನ್ನೂ ಆಕಾಶದಲ್ಲೇ ಹಿಡಿದಿಟ್ಟಿದ್ದೆ. ಅವಳ ಕೆಳಗೆ ಒಬ್ಬ ತಾಯಿ ಬಾಯಿ ಒಣಗಿಸಿಕೊಂಡು ಕೂತಿದ್ದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ದೇವರೇ, ಹೇಗಾದರೂ ಬೆಳಗಾಗಲಿ ಎಂದು ಬೇಡಿಕೊಂಡೆ.

ಬೆಳಗಾಯಿತು. ಅತ್ತೆ ಏಳಲು ಗೋಡೆ ಹಿಡಿದುಕೊಂಡರು, ಆದರೂ ಸ್ನಾನ, ಪೂಜೆ ಬಿಡಲಿಲ್ಲ. ಏಳೂವರೆಯಿಂದ ನಾವು ಮೂವರೂ ಗಡಿಯಾರದ ಕೆಳಗೆ ಕೂತೆವು. ಎಂಟಾದರೆ ಸಾಕು, ತಪ್ಪು ಲೆಕ್ಕದ ಪ್ರಕಾರವಾದರೂ ಇವರು ಉಣ್ಣುತ್ತಾರೆ ಎಂಬುದೊಂದೇ ನನಗೆ ಉಳಿದಿದ್ದ ಆಸೆ.

ಗಡಿಯಾರ ಎಂಟು ಬಡಿಯಲು ಶುರು ಮಾಡಿತು. ಆರನೆಯ ಏಟಿಗೆ ಬಾಗಿಲಲ್ಲಿ ಯಾರೋ ಕೂಗಿದರು. "ಪಂಪಾಪತಿ ಮಾಸ್ತರ ಮನಿ ಇದೇನ್ರಿ? ಸಿರುಗುಪ್ಪದಿಂದ ತಂತಿ ಕೊಟ್ಟಾರ!"

ಮೊದಲ ಬಸ್ಸಿನ ಕಂಡಕ್ಟರ್. ಲಂಡನ್ನಿನ ಅಳಿಯನಿಗೆ ಗೊತ್ತಿದ್ದದ್ದು ಸಿರುಗುಪ್ಪದ ವಿಳಾಸ ಒಂದೇ. ಹಿಂದಿನ ರಾತ್ರಿಯೇ ಅಲ್ಲಿಗೆ ತಂತಿ ಬಂದಿತ್ತು. ಮನೆಗೆ ಬೀಗ ನೋಡಿ ಪಕ್ಕದವರು ಇಸಿದುಕೊಂಡು ಬಸ್ಸಿನವನ ಕೈಗೆ ಕೊಟ್ಟಿದ್ದರು. ಅವನು ಕಾಗದವನ್ನು ನನ್ನ ಕೈಗೆ ತುರುಕಿ ಓಡಿದ. ಬಿಡಿಸಿ ಓದಿದೆ: ಶಾಂತಾ ಸುಖವಾಗಿ ತಲುಪಿದಳು. ಮೇಲೆ, ಭಾನುವಾರ ಮಧ್ಯಾಹ್ನ ಲಂಡನ್ನಿನಲ್ಲಿ ಕೊಟ್ಟದ್ದು ಎಂದು ಸ್ಪಷ್ಟವಾಗಿ ಇತ್ತು.

"ಇಳಿದಾಳ್ರೀ ಅತ್ತಿ!" ಎಂದೆ.

ಅತ್ತೆ ಗಡಿಯಾರ ನೋಡಿದರು. "ಎಂಟು! ಅಳಿಯಾರು ಅಂದಿದ್ದು ಎಂಟು! ಎಂಟು ಹೊಡಿಯೋದಕ್ಕೂ ಆಕಿ ಇಳಿಯೋದಕ್ಕೂ ಸರಿ ಆತು!"

"ಹಂಗಲ್ರೀ ಅತ್ತಿ, ಈ ತಂತಿ ನಿನ್ನಿ..."

ಗಿರಿಜಾ ನನ್ನ ಕಾಲನ್ನು ಬಲವಾಗಿ ತುಳಿದಳು. "ಬಾಯಿ ಮುಚ್ಚಿಕೊಂಡು ಊಟಕ್ಕ ಬರ್ರಿ" ಎಂದು ಹಲ್ಲು ಕಚ್ಚಿ ಹೇಳಿದಳು. ನನ್ನ ಸಂಸಾರದಲ್ಲಿ ಅಷ್ಟು ವಿವೇಕದ ಮಾತು ಅದಕ್ಕಿಂತ ಮೊದಲು ಯಾರೂ ಆಡಿರಲಿಲ್ಲ.

ಅತ್ತೆ ಒಂದು ಲೋಟ ನೀರು ಕುಡಿದರು. ಆ ನೀರು ಅವರ ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ನಾನು ಚಿಕ್ಕ ಮಗುವಿನಂತೆ ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿದರು. "ನಿನ್ನಿ ನಿಮ್ಮ ಮಾತು ಕೇಳಿ ಉಂಡಿದ್ರ, ನನ್ನ ಕೂಸು ಗಾಳಿಯಾಗ ಇದ್ದಾಗ ಉಂಡಂಗ ಆಗ್ತಿತ್ತು. ನಿಮ್ಮ ಲೆಕ್ಕ ನನ್ನ ಉಳಿಸ್ತು ನೋಡ್ರಿ." ಹೇಳಿ, ರೊಟ್ಟಿಯ ಮೊದಲ ತುತ್ತು ಮುರಿದು ನನ್ನ ಬಾಯಿಗೇ ಇಟ್ಟರು. ಅದನ್ನು ನುಂಗುವುದು ಇಪ್ಪತ್ತಾರು ತಾಸಿನ ಹಸಿವಿಗಿಂತ ಕಷ್ಟವಾಯಿತು.

ಅತ್ತೆ ಸಿರುಗುಪ್ಪಕ್ಕೆ ಮರಳಿದ ಮೇಲೆ ಸುಮ್ಮನಿರಲಿಲ್ಲ. ಲಂಡನ್ನಿನ ವಿಮಾನವನ್ನು ಬಳ್ಳಾರಿಯಲ್ಲಿ ಕೂತು ನಿಮಿಷ ತಪ್ಪದೆ ಇಳಿಸಿದ ಅಳಿಯನ ಕಥೆ ಬಸ್ಸಿನ ದಾರಿಯುದ್ದಕ್ಕೂ ಹಬ್ಬಿತು. ತಿಂಗಳೊಳಗೆ ಕುರುಗೋಡಿನಿಂದ ಒಬ್ಬ ಮೆಣಸಿನಕಾಯಿ ವ್ಯಾಪಾರಿ ನನ್ನ ಮನೆ ಹುಡುಕಿಕೊಂಡು ಬಂದ. ಹದಿನಾಲ್ಕು ವರ್ಷದಲ್ಲಿ ನನ್ನ ವಿದ್ಯೆಗಾಗಿ ಬಾಗಿಲು ತಟ್ಟಿದ ಮೊದಲ ಮನುಷ್ಯ!

"ನನ್ನ ತಮ್ಮ ಕುವೈತಿಗೆ ಹೊಂಟಾನ್ರಿ. ಶುಕ್ರವಾರ ಮುಂಜಾನಿ ಒಂಬತ್ತಕ್ಕ ಮುಂಬಯಿಯಿಂದ ವಿಮಾನ. ನಿಮ್ಮ ಅತ್ತಿಯವರ ಸುದ್ದಿ ಕೇಳಿ ನಮ್ಮ ಅವ್ವನೂ ಹಂಗ ಹಟ ಹಿಡದಾಳ. ಅವ ಇಳಿಯೋ ತನಕ ನೀರು ಮುಟ್ಟಂಗಿಲ್ಲಂತ. ಎಷ್ಟಕ್ಕ ಇಳೀತಾನ, ಹೇಳ್ರಿ."

ನಾನು ಎಲ್ಲವನ್ನೂ ಬಿಚ್ಚಿ ಹೇಳಿದೆ. ದಾರ, ತೇಪೆ, ಐದೂವರೆ ತಾಸು, ನನ್ನ ದಡ್ಡತನ. ಅವನು ಕೈ ಮುಗಿದು, "ದೊಡ್ಡೋರು ಯಾವಾಗಲೂ ಹಿಂಗ ಸಣ್ಣಾಗಿ ಮಾತಾಡ್ತಾರ್ರಿ. ಟೈಮ್ ಹೇಳ್ರಿ" ಎಂದ.

ಒಂದು ನಿಮಿಷ ಯೋಚಿಸಿದೆ. "ನಿಮ್ಮ ತಾಯಿಯವರು ದಿನಾ ಎಷ್ಟಕ್ಕ ಊಟ ಮಾಡ್ತಾರ?"

"ಹನ್ನೊಂದಕ್ಕ ಮಾಡ್ತಾಳ್ರಿ."

"ಬರ್ಕೊಳ್ರಿ. ವಿಮಾನ ಹತ್ತೂ ಮುಕ್ಕಾಲಿಗೆ ಇಳೀತೈತಿ."

ಅವನು ಭಕ್ತಿಯಿಂದ ಬರೆದುಕೊಂಡ. ಎದ್ದು ಹೊರಟವನು ಬಾಗಿಲಲ್ಲಿ ನಿಂತು ಅನುಮಾನದಿಂದ ಕೇಳಿದ. "ನಕಾಶಿ ನೋಡಂಗಿಲ್ಲೇನ್ರಿ?"

"ನಾನು ನಕಾಶಿ ನೋಡಿದ್ರ ನಿಮ್ಮವ್ವ ಉಪವಾಸ ಬೀಳ್ತಾರ, ಹೋಗ್ರಿ!" ಎಂದೆ.